ತನಿಖೆಯ ನಡುವಿನ ಭೇಟಿ ಎಲ್ಲಿ?



ಆದವಾನಿಯ ಸೀಮೆಯಲ್ಲಿ ಹತ್ತಿ ಬಿತ್ತಿದ ದಿನ ಒಮ್ಮೆ, ಬಿಡಿಸುವ ದಿನ ಒಮ್ಮೆ ಮಾತ್ರ ಹೊಲಕ್ಕೆ ಹೋಗುವ ರೈತನಿರುವನೇ? ನಡುವೆ ಎಡೆ ಹೊಡೆಯದೆ, ಕಳೆ ಕೀಳದೆ, ಹುಳುವಿನ ಮೇಲೆ ಕಣ್ಣಿಡದೆ ಬೆಳೆ ಕೈಗೆ ಬಾರದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೀಗಿರಲು, ಅಧಿಕಾರಿಗಳು ತನಿಖೆಯ ದಿನ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋದರೆ ಕನ್ನಡ ಪಾಠಶಾಲೆಯ ಆರೈಕೆ ಮುಗಿಯಿತೆನ್ನುವುದು ಯಾವ ನ್ಯಾಯ?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿತು. ಸೌಕರ್ಯವೆಂದರೆ ನಾಲ್ಕು ಗೋಡೆ, ಒಂದು ಕರಿಹಲಗೆ ಮಾತ್ರವೇ? ಅಲ್ಲಿಯ ಪಾಠವನ್ನು ತಿಳಿದು ಕೇಳುವ ಕಿವಿಯೂ ಅದರಲ್ಲಿ ಸೇರಿಲ್ಲವೇ?

ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರು. ತೆಲುಗು ನಮಗೆ ಹಗೆಯಲ್ಲ. ಸಂತೆಯ ಮಾತು, ನೆರೆಯವರ ಮಾತು. ಆದರೆ ಎರಡನೆಯ ತರಗತಿಯ ಮಗುವೊಂದು ಕನ್ನಡದ ಅಡ್ಡಗೆರೆಯ ತಲೆಕಟ್ಟನ್ನು ಬಿಟ್ಟು ತೆಲುಗಿನ ತಲೆಕಟ್ಟನ್ನು ಹಾಕಿದರೆ, ಕನ್ನಡ ಓದಬಾರದ ಅಧಿಕಾರಿಯು ಅದನ್ನು ಹೇಗೆ ಕಂಡಾರು? ಮಗು ಬಾಯಿಪಾಠ ಒಪ್ಪಿಸುತ್ತಿದೆಯೋ, ಪುಸ್ತಕವನ್ನು ನಿಜವಾಗಿ ಓದುತ್ತಿದೆಯೋ, ಅವರಿಗೆ ತಿಳಿಯುವುದೆಂತು? ದಾಖಲೆಗಳು ಸರಿಯಾಗಿವೆಯೆಂದು ಬರೆದು ಅವರು ಜೀಪು ಹತ್ತುವರು. ಒಂಟಿ ಉಪಾಧ್ಯಾಯರು ಐದು ತರಗತಿಗಳನ್ನು ಎಳೆಯುತ್ತಿರುವ ಕಡೆ ಈ ಅನ್ಯಾಯ ಇಮ್ಮಡಿ. ಅವರಿಗೆ ಬೇಕಾದುದು ಕಾರಣ ಕೇಳುವ ನೋಟೀಸಲ್ಲ, ಕಷ್ಟ ಕೇಳುವ ಸಹೋದ್ಯೋಗಿ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಎರಡು ತನಿಖೆಗಳ ನಡುವೆ, ತಿಂಗಳಿಗೊಮ್ಮೆಯಾದರೂ, ಕನ್ನಡ ಬಲ್ಲ ಅನುಭವಿ ಉಪಾಧ್ಯಾಯರೊಬ್ಬರು ಪ್ರತಿಯೊಂದು ಕನ್ನಡ ಶಾಲೆಗೆ ಬರಲಿ. ಹಿಂದಿನ ಸಾಲಿನಲ್ಲಿ ಕುಳಿತು ಪಾಠ ಕೇಳಲಿ, ಮಕ್ಕಳಿಂದ ಓದಿಸಲಿ, ತಾವೇ ಒಂದು ಪಾಠ ಮಾಡಿ ತೋರಲಿ, ಪಠ್ಯಪುಸ್ತಕ ಬಂದಿದೆಯೇ ಎಂದು ವಿಚಾರಿಸಲಿ. ತಪ್ಪು ಬರೆದುಕೊಳ್ಳುವ ಪುಸ್ತಕ ಅವರ ಕೈಯಲ್ಲಿ ಇರಕೂಡದು; ಅದು ಕಂಡೊಡನೆ ಉಪಾಧ್ಯಾಯರ ಬಾಯಿ ಕಟ್ಟುತ್ತದೆ. ಇದೇನು ನಾವು ಹೊಸದಾಗಿ ಹುಟ್ಟಿಸಿದ ಮಾತಲ್ಲ. 1964-66ರ ಕೊಠಾರಿ ಆಯೋಗವೇ ಆಡಳಿತದ ಕೆಲಸವನ್ನೂ ಪಾಠಕ್ಕೆ ನೆರವಾಗುವ ಮೇಲ್ವಿಚಾರಣೆಯನ್ನೂ ಬೇರ್ಪಡಿಸಬೇಕೆಂದು, ಹತ್ತಿರದ ಶಾಲೆಗಳು ಒಂದಕ್ಕೊಂದು ನೆರವಾಗಬೇಕೆಂದು ಹೇಳಿತ್ತು.

ಇನ್ನು ತಂದೆತಾಯಿಗಳ ಕೆಲಸ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನ ಪೋಷಕರದು. ಶಾಲೆಯ ನಡೆಯನ್ನು ಗಮನಿಸುವುದು ಅದರ ಕರ್ತವ್ಯ. ಹೊಳಗುಂದ, ಕೌತಾಳ, ಹಾಲಹರವಿಗಳ ಬಂಧುಗಳೇ, ಮುಂದಿನ ಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಯಿಸಿರಿ. ಒಂದು ಪ್ರತಿ ಮಂಡಲ ವಿದ್ಯಾಧಿಕಾರಿಗಳಿಗೆ, ಇನ್ನೊಂದು ಕರ್ನೂಲಿನ ಜಿಲ್ಲಾ ವಿದ್ಯಾಧಿಕಾರಿಗಳಿಗೆ ಹೋಗಲಿ. ಕನ್ನಡದಲ್ಲಿಯೇ ಬರೆಯಿರಿ, ದೇಶದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಿಮಗೆ ಕೊಟ್ಟಿದೆ.