ಜೇಬಿನಲ್ಲಿಟ್ಟ ಬೆದರಿಕೆ

ಮಾಜಿ ಅಧಿಕಾರಸ್ಥರು ಬೆದರಿಸುತ್ತಿದ್ದಾರೆ, ಆಮಿಷ ಒಡ್ಡುತ್ತಿದ್ದಾರೆ ಎಂಬ ಕೂಗು ನಮ್ಮ ವಿಧಾನ ಸಭೆಯಲ್ಲಿ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಏಳುತ್ತಿದೆ. ಒಮ್ಮೆ ಧ್ವನಿಮುದ್ರಣ, ಒಮ್ಮೆ ಪೆನ್‌ಡ್ರೈವ್, ಒಮ್ಮೆ ಸಿ.ಡಿ. ಸಾಮಾನು ಬೇರೆ ಬೇರೆಯಾದರೂ ವ್ಯವಹಾರ ಒಂದೇ. ನಿನ್ನ ಗುಟ್ಟು ನನ್ನ ಜೇಬಿನಲ್ಲಿದೆ, ನಾನು ಹೇಳಿದಂತೆ ಕೇಳು ಎನ್ನುವುದು.

ಸಕಲೇಶಪುರ, ಆಲೂರು ಕಡೆಯ ದುಡಿಯುವ ಜನಕ್ಕೆ ಇದರ ಮರ್ಮವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮೀಟರು ಬಡ್ಡಿಗೆ ಸಾಲ ಕೊಟ್ಟವನು ಖಾಲಿ ಛಾಪಾಕಾಗದದ ಮೇಲೆ ರುಜು ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾನೆ. ಆ ಕಾಗದವನ್ನು ಅವನು ಕೋರ್ಟಿಗೆ ಒಯ್ಯುವುದು ಅಪರೂಪ. ಒಯ್ದರೆ ನ್ಯಾಯಾಧೀಶರು ಪ್ರಶ್ನೆ ಕೇಳುತ್ತಾರೆ. ಪೆಟ್ಟಿಗೆಯಲ್ಲೇ ಇದ್ದರೆ ಸಣ್ಣ ಅಂಗಡಿಯವನು ಜೀವಮಾನವೆಲ್ಲ ತಲೆ ತಗ್ಗಿಸಿ ನಡೆಯುತ್ತಾನೆ. ರಾಜಕೀಯದ ದೊಡ್ಡವರು ಹಿಡಿದಿರುವುದೂ ಇದೇ ದಾರಿ. ಅದಕ್ಕೆ ನಮ್ಮ ಶಾಸಕ ಮಹಾಶಯರು ಕೊಡುತ್ತಿರುವ ಉತ್ತರ ಎಂಥದು ಎಂಬುದೇ ಇಲ್ಲಿ ನಮ್ಮ ವಿಚಾರ.

2019ರ ಫೆಬ್ರವರಿ 8ರಂದು ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಒಂದು ಧ್ವನಿಮುದ್ರಣವನ್ನು ಹೊರಗೆಡವಿದರು. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ದೇವದುರ್ಗದಲ್ಲಿ ಗುರುಮಠಕಲ್ ಶಾಸಕರ ಮಗ ಶರಣಗೌಡ ಕಂದಕೂರರಿಗೆ ಹಣದ, ಮಂತ್ರಿಗಿರಿಯ ಆಸೆ ತೋರಿಸಿ, ತಂದೆಯನ್ನು ಪಕ್ಷ ಬಿಡಿಸುವಂತೆ ಒತ್ತಾಯಿಸಿದರೆಂಬುದು ಆರೋಪ. ಯಡಿಯೂರಪ್ಪನವರು ಮೊದಲು ಇದು ಕಟ್ಟುಕತೆಯೆಂದರು. ಎರಡು ದಿನ ಕಳೆದ ಮೇಲೆ ಭೇಟಿಯಾದದ್ದು ನಿಜ, ಆದರೆ ಮಾತನ್ನು ಬೇಕಾದಂತೆ ಕತ್ತರಿಸಲಾಗಿದೆ, ನನ್ನನ್ನು ಬಲೆಗೆ ಕೆಡವಲೆಂದೇ ಆ ಹುಡುಗನನ್ನು ಕಳುಹಿಸಿದ್ದರು ಎಂದರು.

ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರರ ಹೆಸರೂ ಆ ಧ್ವನಿಯಲ್ಲಿ 50 ಕೋಟಿಯ ಮಾತಿನೊಡನೆ ಬಂದಿತ್ತಂತೆ. ಅವರು ನೊಂದುಕೊಂಡು, ವಿಶೇಷ ತನಿಖಾ ತಂಡದಿಂದ 15 ದಿನಗಳಲ್ಲಿ ಸತ್ಯ ಹೊರಬರಲಿ ಎಂದರು. ಮುಖ್ಯಮಂತ್ರಿ ಒಪ್ಪಿದರು. ಧ್ವನಿ ಹೊರಬಿಟ್ಟವರ ಕೈಕೆಳಗಿನ ಪೊಲೀಸರೇ ತನಿಖೆ ಮಾಡುವುದು ಬೇಡ, ಸದನ ಸಮಿತಿಯೋ ನ್ಯಾಯಾಂಗ ವಿಚಾರಣೆಯೋ ಆಗಲಿ ಎಂದು ವಿರೋಧ ಪಕ್ಷದವರು ಪಟ್ಟು ಹಿಡಿದರು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಆದರೆ ತನಿಖೆ ಯಾರದೆಂಬ ಜಗ್ಗಾಟದಲ್ಲೇ ಅಧಿವೇಶನ ಕಳೆಯಿತು. ಬಜೆಟ್ಟು ಗದ್ದಲದ ನಡುವೆ ಪಾಸಾಯಿತು.

ಬೆಂಗಳೂರಿನ ಆ ಕಿಚ್ಚು ನಮ್ಮ ಜಿಲ್ಲೆಗೂ ಹಬ್ಬಿತು. ಹಾಸನದ ಅಂದಿನ ಶಾಸಕ ಪ್ರೀತಂ ಗೌಡರು ಅದೇ ಧ್ವನಿಯಲ್ಲಿ ಮಾಜಿ ಪ್ರಧಾನಿ ದೇವೇಗೌಡರ ಬಗ್ಗೆ ಹಗುರವಾಗಿ ಮಾತಾಡಿದ್ದಾರೆಂಬ ಆರೋಪದ ಮೇಲೆ ಫೆಬ್ರವರಿ 13ರಂದು ಅವರ ಮನೆಯ ಮುಂದೆ ಜನ ಸೇರಿದರು. ಕಲ್ಲು ಬಿತ್ತು. ಶಾಸಕರು ಅದನ್ನೂ ಸದನಕ್ಕೆ ಒಯ್ದು ಕೂಗಾಡಿದರು.

ಮುಂದೇನಾಯಿತು? ಜುಲೈ 23ರಂದು ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ಮಾಜಿಯವರು ಮೂರೇ ದಿನಕ್ಕೆ ಹಾಲಿ ಮುಖ್ಯಮಂತ್ರಿಯಾದರು. ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಹುದೆಂದಿತು. ಡಿಸೆಂಬರಿನ 15 ಉಪಚುನಾವಣೆಗಳಲ್ಲಿ 12ನ್ನು ಹೊಸ ಆಳುವ ಪಕ್ಷ ಗೆದ್ದುಕೊಂಡಿತು. ದೇವದುರ್ಗದ ಪ್ರಕರಣದ ಪೊಲೀಸ್ ತನಿಖೆಗಿದ್ದ ತಡೆ ಹೈಕೋರ್ಟಿನಲ್ಲಿ ತೆರವಾದದ್ದು 2021ರ ಮಾರ್ಚಿನಲ್ಲಿ, ಎರಡು ವರ್ಷದ ಮೇಲೆ. 2023ರ ಸೆಪ್ಟೆಂಬರಿನಲ್ಲಿ ಧ್ವನಿ ಹೊರಬಿಟ್ಟ ಪಕ್ಷವೂ ಧ್ವನಿಯಲ್ಲಿ ಸಿಕ್ಕಿಬಿದ್ದ ಪಕ್ಷವೂ ಕೈ ಕೈ ಹಿಡಿದವು. ಹಾಸನದಲ್ಲಿ ಕಲ್ಲು ಎಸೆದವನೂ ಕಲ್ಲು ತಿಂದವನೂ ಮರುವರ್ಷ ಒಬ್ಬನೇ ಅಭ್ಯರ್ಥಿಗೆ ಮತ ಕೇಳಬೇಕಾಯಿತು. ಬಡ ಕಾರ್ಯಕರ್ತನ ತಲೆಗೆ ಬಿದ್ದ ಪೆಟ್ಟಿಗೆ ಯಾವ ಮೈತ್ರಿಯಲ್ಲೂ ಪಾಲಿಲ್ಲ.

ಅಷ್ಟರಲ್ಲಿ ಪಾತ್ರ ಬದಲಾಗಿತ್ತು. 2023ರ ಜುಲೈ ಮೊದಲ ವಾರ ಈಗ ತಾವೇ ಮಾಜಿಯಾಗಿದ್ದ ಕುಮಾರಸ್ವಾಮಿಯವರು ವಿಧಾನಸೌಧದಲ್ಲಿ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು, ಅಧಿಕಾರಿಗಳ ವರ್ಗಾವಣೆ ದಂಧೆಯ ದಾಖಲೆ ಇದರಲ್ಲಿದೆಯೆಂದು ಪತ್ರಕರ್ತರಿಗೆ ತೋರಿಸಿದರು. ಮಂತ್ರಿಗಳು ತಾಕತ್ತಿದ್ದರೆ ಬಿಡುಗಡೆ ಮಾಡಲಿ ಎಂದು ಸವಾಲೆಸೆದರು. ಪೆನ್‌ಡ್ರೈವು ಆ ದಿನ ಮತ್ತೆ ಜೇಬಿಗೇ ಹೋಯಿತು. ವರ್ಗಾವಣೆಗೆ ಲಂಚ ನಡೆದಿದ್ದರೆ ಅದು ಪ್ರಜೆಗಳ ಮೇಲೆ ಬಿದ್ದ ಹೊರೆ. ಅದರ ಸಾಕ್ಷ್ಯ ಒಬ್ಬರ ಖಾಸಗಿ ಆಸ್ತಿಯಾಗುವುದು ಹೇಗೆ? ಸುಳ್ಳಾಗಿದ್ದರೆ ಸದನದ ಬಾಗಿಲಲ್ಲಿ ನಿಂತು ಹೆದರಿಸುವ ಹಕ್ಕು ಯಾರು ಕೊಟ್ಟರು?

ಹೀಗೆ ಜೇಬಿನಲ್ಲಿಟ್ಟುಕೊಳ್ಳುವ ಚಟಕ್ಕೆ ಬೆಲೆ ತೆರುವವರು ಯಾರೆಂಬುದನ್ನು ಹಾಸನದವರು 2024ರಲ್ಲಿ ಕಣ್ಣಾರೆ ಕಂಡರು. ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು ಪೆನ್‌ಡ್ರೈವುಗಳು ಬೀದಿಗೆ ಬಂದವು. ಅವುಗಳಲ್ಲಿದ್ದದ್ದು ಹೆಣ್ಣುಮಕ್ಕಳ ಮಾನ. ಆ ಚಿತ್ರಗಳು ಪ್ರಸಾರವಾಗಬಾರದೆಂಬ ತಡೆಯಾಜ್ಞೆ 2023ರ ಜೂನಿನಲ್ಲೇ ಕೋರ್ಟಿನಿಂದ ಬಂದಿತ್ತು. ಅಂದರೆ ತಿಳಿದವರಿಗೆ ತಿಳಿದೇ ಇತ್ತು. ತಿಳಿದವರು ನೊಂದ ಹೆಂಗಸರ ಪರ ಠಾಣೆಗೆ ಹೋಗಲಿಲ್ಲ, ಚುನಾವಣೆಯ ಹೊತ್ತಿಗಾಗಿ ಕಾದರು. ಅಪರಾಧ ಮಾಡಿದವನಿಗೆ ಒಂದು ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಟ್ಟದ್ದು ಮನೆಗೆಲಸದ ಹೆಂಗಸು. ಜೇಬಿನಲ್ಲಿಟ್ಟುಕೊಂಡು ಸಮಯ ನೋಡಿದ ಗಂಡಸರಿಗಿಂತ ಆಕೆ ಎಷ್ಟು ದೊಡ್ಡವಳು!

ಇನ್ನು 2025ರ ಮಾರ್ಚ್ 20. ಆಗ ನಮ್ಮ ಜಿಲ್ಲೆಯ ಉಸ್ತುವಾರಿ ಮಂತ್ರಿಯಾಗಿದ್ದ ಕೆ.ಎನ್. ರಾಜಣ್ಣನವರು ತಮ್ಮನ್ನೇ ಹನಿಟ್ರ್ಯಾಪಿಗೆ ಕೆಡವಲು ಯತ್ನ ನಡೆಯಿತೆಂದೂ, ಎಲ್ಲ ಪಕ್ಷಗಳ 48 ಮಂದಿಯ ಸಿ.ಡಿ., ಪೆನ್‌ಡ್ರೈವುಗಳಿವೆಯೆಂದೂ ಸದನದಲ್ಲೇ ಹೇಳಿದರು. 48 ಮಂದಿ ಹೆದರಿಕೆಯಲ್ಲಿ ಓಟು ಹಾಕುತ್ತಿದ್ದರೆ ಅಲ್ಲಿ ಪಾಸಾಗುವ ಕಾಯಿದೆಗೆ ಏನು ಬೆಲೆ? ಅದನ್ನು ಶಾಂತವಾಗಿ ವಿಚಾರಿಸಬೇಕಾಗಿದ್ದ ಸದನದಲ್ಲಿ ಮರುದಿನ ವಿರೋಧ ಪಕ್ಷದವರು ಸಭಾಧ್ಯಕ್ಷರ ಪೀಠವನ್ನೇರಿ ಕಾಗದ ಹರಿದೆಸೆದರು. 18 ಮಂದಿಯನ್ನು ಆರು ತಿಂಗಳಿಗೆ ಅಮಾನತು ಮಾಡಿ ಮಾರ್ಷಲರು ಹೊತ್ತು ಹೊರಗೆ ಹಾಕಿದರು. ಮೇ ತಿಂಗಳಲ್ಲಿ ಅಮಾನತೂ ರದ್ದಾಯಿತು.

ಆ ಮಾರ್ಚ್ 21ರ ಗಲಾಟೆಯ ನಡುವೆಯೇ ಒಂದು ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಶಾಸಕರ ತಿಂಗಳ ಸಂಬಳ 40,000ದಿಂದ 80,000 ರೂಪಾಯಿಗೆ ಏರಿತು. ತೋಟದ ಲೈನು ಮನೆಯಲ್ಲಿರುವ ಆಳು ದಿನಗೂಲಿಗೆ ಹತ್ತು ರೂಪಾಯಿ ಹೆಚ್ಚು ಕೇಳಿದರೆ ಎಷ್ಟು ಸುತ್ತಿನ ಮಾತುಕತೆ ಬೇಕು, ಮಿಲ್ಲಿನವರಿಗೆ ಗೊತ್ತು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ದಸರೆಯ ಆನೆ ಅರ್ಜುನನೇ ಕಾಡಾನೆಗೆ ಬಲಿಯಾಯಿತು. ಅಂಬಾರಿ ಹೊತ್ತ ಆನೆಗೇ ಆ ಗತಿಯಾದ ಕಾಡಂಚಿನಲ್ಲಿ ಮುಂಜಾನೆ ಕಾಫಿ ಬಿಡಿಸಲು ಹೋಗುವ ಹೆಂಗಸರಿದ್ದಾರೆ. ಸದನದ ಹೊತ್ತು ಅಂಥವರಿಗೆ ಸೇರಿದ್ದು.

ಬೆದರಿಕೆಯ ವಿರುದ್ಧ ಸದನಕ್ಕೆ ಅಧಿಕಾರವಿಲ್ಲವೆ? ಇದೆ. 2017ರ ಜೂನಿನಲ್ಲಿ ಶಾಸಕರ ಹಕ್ಕುಚ್ಯುತಿಯಾಯಿತೆಂದು ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಸೆರೆವಾಸ, 10,000 ರೂಪಾಯಿ ದಂಡವೆಂದು ಇದೇ ಸಭೆ ತೀರ್ಮಾನಿಸಿತ್ತು. ಪತ್ರಿಕೆಯವರ ಮೇಲೆ ಬೀಸಿದ ಆ ಕೋಲು ತಮ್ಮವರ ಮುಂದೆ ಏಕೆ ಏಳುವುದಿಲ್ಲ? ಕಾನೂನಿಗೂ ಬರವಿಲ್ಲ. ಒಬ್ಬನ ಮಾನಕ್ಕೆ ಹಾನಿ ಮಾಡುತ್ತೇನೆಂದು ಬೆದರಿಸುವುದು ಹಿಂದಿನ ದಂಡ ಸಂಹಿತೆಯಲ್ಲೂ ಅಪರಾಧವಾಗಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ಓಟಿಗಾಗಿ ಲಂಚ ತಿಂದ ಶಾಸಕನಿಗೆ ಸದನದ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು 2024ರ ಮಾರ್ಚ್ 4ರಂದು ಒಕ್ಕೊರಲಿನಿಂದ ಹೇಳಿ, 1998ರ ಹಳೆಯ ತೀರ್ಪನ್ನು ತಳ್ಳಿಹಾಕಿದ್ದಾರೆ.

ನಾವು ಕೇಳುವುದು ಇಷ್ಟೆ. ಸದನದಲ್ಲಾಗಲಿ ಅದರ ಆವರಣದಲ್ಲಾಗಲಿ ನನ್ನಲ್ಲಿ ಸಾಕ್ಷ್ಯವಿದೆ ಎಂದವರು, ಹಾಲಿಯಿರಲಿ ಮಾಜಿಯಿರಲಿ, 24 ಗಂಟೆಯೊಳಗೆ ಅದನ್ನು ಸಭಾಧ್ಯಕ್ಷರ ಕೈಗೋ ಲೋಕಾಯುಕ್ತಕ್ಕೋ ಒಪ್ಪಿಸತಕ್ಕದ್ದು. ಒಪ್ಪಿಸದಿದ್ದರೆ ಅದನ್ನೇ ಹಕ್ಕುಚ್ಯುತಿಯೆಂದು ಎಣಿಸತಕ್ಕದ್ದು. ಬೆದರಿಕೆಗೆ ಗುರಿಯಾದೆನೆಂದ ಶಾಸಕರೂ ಭಾಷಣ ಮಾಡಿ ಕುಳಿತುಕೊಳ್ಳದೆ, ಸಾಮಾನ್ಯ ಪ್ರಜೆಯಂತೆ ಠಾಣೆಗೆ ಹೋಗಿ ದೂರು ಬರೆದುಕೊಡಬೇಕು. ಹೆಂಗಸರ ಚಿತ್ರಗಳಿರುವ ಸಾಕ್ಷ್ಯ ಮಾತ್ರ ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕು, ಯಾವ ಶಾಸಕನ ಕಣ್ಣಿಗೂ ಬೀಳಬಾರದು.

ಹಾಸನ ಜಿಲ್ಲೆಯಿಂದ ಏಳು ಮಂದಿ ಶಾಸಕರು ಆ ಸಭೆಗೆ ಹೋಗುತ್ತಾರೆ. ಇಂಥ ನಿಯಮಕ್ಕೆ ಕೈ ಎತ್ತುವಿರಾ ಇಲ್ಲವಾ ಎಂದು ಓದುಗರು ಅವರನ್ನು ಕೇಳಬೇಕು. 2025ರ ಮಾರ್ಚ್ 21ರಂದು ಸಂಬಳದ ಮಸೂದೆ ಬಂದಾಗ ತಾವು ಏನೆಂದಿರಿ ಎಂಬುದನ್ನೂ ಕೇಳಿರಿ.