ಅಪಸ್ವರವೆಂಬ ಅಪವಾದ

ತಮಗೆ ತಿಳಿಯದುದನ್ನೆಲ್ಲ ಅಪಶಬ್ದವೆಂದು ತಳ್ಳಿಬಿಡುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಉಂಟು. ೧೯೬೧ನೆಯ ಇಸವಿಯ ನವೆಂಬರಿನಲ್ಲಿ ಅಮೆರಿಕದ ‘ಡೌನ್ ಬೀಟ್’ ಎಂಬ ಸಂಗೀತಪತ್ರಿಕೆಯಲ್ಲಿ ಜಾನ್ ಟೈನನ್ ಎಂಬ ವಿಮರ್ಶಕನು ಜಾನ್ ಕೋಲ್ಟ್ರೇನ್, ಎರಿಕ್ ಡಾಲ್ಫಿ ಇವರೀರ್ವರ ವಾದನವನ್ನು ‘ಜಾಜ್ ವಿರೋಧಿ’ ಎಂದು ಹೀಗಳೆದನು. ಜಾಜ್ ಎಂಬುದು ಆಫ್ರಿಕ ಮೂಲದ ಅಮೆರಿಕನ್ನರು ಬೆಳೆಸಿದ ಸಂಗೀತ. ಕರ್ನಾಟಕ ಸಂಗೀತದ ಮನೋಧರ್ಮದಂತೆ, ನುಡಿಸುತ್ತಿರುವಾಗಲೇ ಸೃಷ್ಟಿಸುವುದು ಅದರ ಜೀವಾಳ. ಅಂತಹ ಕಲೆಯಲ್ಲಿ ಹೊಸದನ್ನು ಸೃಷ್ಟಿಸಿದುದೇ ಅಪರಾಧವಾಯಿತಂತೆ!

ಖಂಡಿಸುವವನು ಪೂರ್ವಪಕ್ಷವನ್ನು ಮೊದಲು ಚೆನ್ನಾಗಿ ಅರಿಯಬೇಕೆಂಬುದು ಶಾಸ್ತ್ರಜ್ಞರ ಕ್ರಮ. ವ್ಯಾಕರಣವನ್ನರಿಯದವನ ತಪ್ಪು ಬೇರೆ, ಅರಿತವನ ಪ್ರಯೋಗ ಬೇರೆ. ೧೯೨೮ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಜನಿಸಿದ ಡಾಲ್ಫಿಯು ಸ್ಯಾಕ್ಸಫೋನ್, ಕೊಳಲು, ಮಂದ್ರಸ್ಥಾಯಿಯ ಕ್ಲಾರಿಯೊನೆಟ್ ಮೂರರಲ್ಲಿಯೂ ನುರಿತವನು. ೧೯೬೨ರಲ್ಲಿ ಕ್ಯಾಲಿಫೋರ್ನಿಯದ ಓಹೈ ಉತ್ಸವದಲ್ಲಿ ಆತನು ವರೇಸನ ‘ಡೆನ್ಸಿಟಿ ೨೧.೫’ ಎಂಬ ಕೃತಿಯನ್ನು ಒಂಟಿ ಕೊಳಲಿನಲ್ಲಿ ನುಡಿಸಿದನು. ೧೯೩೬ರಲ್ಲಿ ಪ್ಲಾಟಿನಂ ಕೊಳಲೊಂದಕ್ಕಾಗಿ ರಚಿತವಾದ ಅದಕ್ಕೆ ಆ ಲೋಹದ ಸಾಂದ್ರತೆಯೇ ಹೆಸರು. ಅದರ ಒಂದೊಂದು ಸ್ವರವೂ ಬರೆದಿಟ್ಟದ್ದು. ಅಪಸ್ವರಕ್ಕೆ ಅಲ್ಲಿ ಮರೆಯಿಲ್ಲ. ೧೯೬೦ರ ಡಿಸೆಂಬರ್ ೨೧ರಂದಂತೂ ಆರ್ನೆಟ್ ಕೋಲ್ಮನ್ನನ ‘ಫ್ರೀ ಜಾಜ್’ ಎಂಬ ಕಟ್ಟಿಲ್ಲದ ಸಮೂಹವಾದನಕ್ಕೂ, ಹಳೆಯ ಹಾಡುಗಳನ್ನೊಳಗೊಂಡ ತನ್ನದೇ ‘ಫಾರ್ ಕ್ರೈ’ ಮುದ್ರಿಕೆಗೂ ಒಂದೇ ದಿನ ನುಡಿಸಿದನು. ಹಳೆಯ ದಾರಿ ತಿಳಿಯದೆ ದಿಕ್ಕುತಪ್ಪಿದವನೆ ಇವನು?

ಹಕ್ಕಿಗಳ ಹಾಡಿನಲ್ಲಿ ಎರಡು ಸ್ವರಗಳ ನಡುವಣ ಸೂಕ್ಷ್ಮಧ್ವನಿಗಳಿರುವುವೆಂದೂ, ತಾನು ಅವನ್ನು ಕೊಳಲಿನಲ್ಲಿ ಹಿಡಿಯಲೆತ್ನಿಸುವೆನೆಂದೂ ೧೯೬೨ರ ಏಪ್ರಿಲಿನಲ್ಲಿ ಅದೇ ಪತ್ರಿಕೆಯಲ್ಲಿ ಆತನು ಉತ್ತರವಿತ್ತನು. ಇಪ್ಪತ್ತೆರಡು ಶ್ರುತಿಗಳನ್ನೆಣಿಸಿದ ಭರತಮುನಿಯ ನಾಡಿನವರಿಗೆ ಇದು ಹುಚ್ಚೆಂದು ತೋರಲಾರದು. ಪಿಯಾನೋವಿನ ಹನ್ನೆರಡು ಮನೆಗಳಲ್ಲಿ ಕಿವಿಯನ್ನು ಕಟ್ಟಿಹಾಕಿಕೊಂಡವರಿಗೆ ಮಾತ್ರ ಅದು ಅಪಸ್ವರ. ಆತನು ನುಡಿಸಿದುದೆಲ್ಲ ಮಧುರವೆಂದು ವಾದಿಸಬೇಕಾದುದಿಲ್ಲ. ಸ್ಯಾಕ್ಸಫೋನಿನ ಕೆಲವು ಚೀತ್ಕಾರಗಳು ಕಟುವೇ ಸರಿ. ರೌದ್ರಭೀಭತ್ಸಗಳೂ ರಸಗಳಲ್ಲವೆ?

೧೯೬೪ರ ಫೆಬ್ರವರಿಯಲ್ಲಿ ‘ಔಟ್ ಟು ಲಂಚ್’ ಎಂಬ ಮುದ್ರಿಕೆ ಸಿದ್ಧವಾಯಿತು. ಮಾಲಿಕನು ಊಟಕ್ಕೆ ಹೋಗಿರುವನೆಂದು ಅಂಗಡಿಯವರು ತೂಗುಹಾಕುವ ಫಲಕ ಅದರ ಹೊದಿಕೆಯ ಮೇಲೆ. ಅದರ ಗಡಿಯಾರಕ್ಕೆ ಹಲವು ಮುಳ್ಳುಗಳು, ಯಾವಾಗ ಬರುವನೆಂಬುದು ಯಾರಿಗೂ ತಿಳಿಯದು. ಆ ವಸಂತದಲ್ಲಿ ಮಿಂಗಸನ ಮೇಳದೊಡನೆ ಯೂರೋಪಿಗೆ ಹೋದ ಡಾಲ್ಫಿಯು ಅಲ್ಲಿಯೇ ನೆಲಸಲು ನಿಶ್ಚಯಿಸಿದನು. ಜೂನ್ ೨೯ರಂದು, ಇದೆಯೆಂದೇ ತಿಳಿಯದಿದ್ದ ಮಧುಮೇಹದಿಂದ, ಪಶ್ಚಿಮ ಬರ್ಲಿನ್ನಿನಲ್ಲಿ ಮಡಿದನು. ವಯಸ್ಸು ೩೬. ಮುದ್ರಿಕೆ ಆಮೇಲೆ ಹೊರಬಂದಿತು. ಅದೇ ವರ್ಷ ‘ಡೌನ್ ಬೀಟ್’ನ ಓದುಗರು ಮತ ಕೊಟ್ಟು ಆತನನ್ನು ಆ ಪತ್ರಿಕೆಯ ಕೀರ್ತಿಮಂದಿರಕ್ಕೆ ಸೇರಿಸಿದರು.