ಗಡಿ ತಾಲ್ಲೂಕುಗಳಲ್ಲಿ ಸ್ತನ ಕ್ಯಾನ್ಸರ್: ಆಸ್ಪತ್ರೆ ಬಂತು, ದಾರಿ ಇನ್ನೂ ದೂರ

2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿ ಇಲ್ಲವೇ ಗಡಿಯಾಚೆಯ ಮಿರಜ್-ಸಾಂಗಲಿ ಎಂದು ಅಲೆಯುತ್ತಿದ್ದ ಈ ಭಾಗದ ರೋಗಿಗಳಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೆಣ್ಣುಮಗಳೊಬ್ಬಳು ಎದೆಯಲ್ಲಿ ಗಂಟು ಕಂಡ ದಿನದಿಂದ ಚಿಕಿತ್ಸೆ ಆರಂಭವಾಗುವ ದಿನದವರೆಗಿನ ಅಂತರವನ್ನು ಕಟ್ಟಡವೊಂದೇ ಕಡಿಮೆ ಮಾಡಲಾರದು.

2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. 98 ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಇಷ್ಟೊಂದು ಸಾವಿಗೆ ಮುಖ್ಯ ಕಾರಣ ತಡವಾಗಿ ಬರುವುದು. ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದ ಮೇಲೆ ದವಾಖಾನೆ ಏಕೆ ಎಂಬುದು ಮನೆಯವರ ಮಾತು. ಕಬ್ಬಿನ ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಆಕೆಯೇ ಮುಂದೂಡುತ್ತಾಳೆ. ಕಬ್ಬು ನುರಿಸುವ ಹಂಗಾಮು ನಾಲ್ಕೈದು ತಿಂಗಳು ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ ರೋಗಿ ಮೊದಲ ಸಲ ತೋರಿಸಿಕೊಂಡ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆನ್ನುತ್ತದೆ. ನಮ್ಮಲ್ಲಿ ಆ ಮೊದಲ ಭೇಟಿಗೇ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಅಪಾಯ ತಗ್ಗಿಸುವ ದಾರಿಗಳಿವೆ. ಮಗುವಿಗೆ ಹೆಚ್ಚು ಕಾಲ ಎದೆಹಾಲುಣಿಸುವುದು, ಮುಟ್ಟು ನಿಂತ ಮೇಲೆ ತೂಕ ಏರದಂತೆ ನೋಡಿಕೊಳ್ಳುವುದು, ಮೈ ದಣಿಸುವುದು, ಮದ್ಯದಿಂದ ದೂರವಿರುವುದು. ತಾಯಿಗೋ ಅಕ್ಕತಂಗಿಗೋ ಈ ರೋಗ ಬಂದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಹಾಗೆಂದು ಇವನ್ನೆಲ್ಲ ಪಾಲಿಸಿದವಳಿಗೆ ರೋಗ ಬರುವುದೇ ಇಲ್ಲವೆಂದಲ್ಲ. ಬಂದವಳು ತಪ್ಪು ಮಾಡಿದಳೆಂದೂ ಅಲ್ಲ. ಶಾಪ, ಕರ್ಮ ಎನ್ನುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ನಮ್ಮವರಲ್ಲೂ. (ನಿಪ್ಪಾಣಿ ಎಂದೊಡನೆ ತಂಬಾಕು ನೆನಪಾಗುತ್ತದೆ, ಆದರೆ ತಂಬಾಕಿನ ನೇರ ನಂಟು ಹೆಚ್ಚಾಗಿ ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿನೊಂದಿಗೆ.)

ಹಾಗಾದರೆ ಹಳ್ಳಿಯಲ್ಲಿ ಏನು ಮಾಡಬಹುದು? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರ ನಡುವೆ ಅಧ್ಯಯನವೊಂದನ್ನು ಆರಂಭಿಸಿದರು. ಅವರಲ್ಲಿ ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐವತ್ತು ದಾಟಿದವರಲ್ಲಿ ಈ ರೋಗದಿಂದಾಗುವ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ದೊಡ್ಡ ಯಂತ್ರವಿಲ್ಲದೆ ಇಷ್ಟು ಸಾಧ್ಯವೆಂದಾದರೆ ಅಥಣಿಯ ಹಳ್ಳಿಗಳಲ್ಲೂ ಸಾಧ್ಯ.

ಮೂವತ್ತು ದಾಟಿದ ಮಹಿಳೆಯರ ತಪಾಸಣೆ ಕೇಂದ್ರ ಸರಕಾರದ 2016ರ ಮಾರ್ಗಸೂಚಿಯಲ್ಲೇ ಇದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸ್ತನ ತಪಾಸಣೆಗೆ ಒಳಗಾದವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ರಾಜ್ಯ ಸರಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ತಪಾಸಣೆಯ ಮಾತಾಡುತ್ತದೆ, ಸ್ವಾಗತಿಸೋಣ. ಆದರೆ ಆಶಾ ಕಾರ್ಯಕರ್ತೆ ಗಂಟನ್ನು ಗುರುತಿಸಿದ ಮೇಲೆ ಮುಂದೇನು? ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ದಿನದ ಕೂಲಿ, ಇಬ್ಬರ ಬಸ್ ಖರ್ಚು, ಮತ್ತೆ ವರದಿಗಾಗಿ ಇನ್ನೊಂದು ದಿನ. ಕಾಗವಾಡದವರಿಗೆ ಮಿರಜ್ ಕೂಗಳತೆಯಲ್ಲಿದೆ. ಆದರೆ ಅದು ಬೇರೆ ರಾಜ್ಯ. ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮಂಗಳೂರಿನಲ್ಲಿ ವೈದ್ಯಕೀಯ ಕಾಲೇಜುಗಳ ನಡುವೆ ಬದುಕುವ ನಮಗೆ ಈ ದೂರದ ಕಷ್ಟ ಬೇಗ ಅರ್ಥವಾಗುವುದಿಲ್ಲ. ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಕೂಗು ದಶಕಗಳಿಂದ ಇದೆ. ಅದು ಆಗುವಾಗ ಆಗಲಿ. ಅಷ್ಟರೊಳಗೆ ಗಂಟಿನ ಮಾದರಿಯನ್ನು ಸೂಜಿಯಿಂದ ತೆಗೆಯುವ ವ್ಯವಸ್ಥೆ ವಾರಕ್ಕೊಂದು ದಿನವಾದರೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕು, ಆ ದಿನ ಮಹಿಳಾ ವೈದ್ಯೆ ಇರಬೇಕು. ಮಾದರಿಯನ್ನು ಬೆಳಗಾವಿಗೆ ಕಳುಹಿಸಿ, ವರದಿಯನ್ನು ಫೋನಿನಲ್ಲಿ ತಿಳಿಸಬಹುದು. ಇದಕ್ಕೆ ಹೊಸ ಜಿಲ್ಲೆಯ ಅಗತ್ಯವಿಲ್ಲ. ಐದೂ ತಾಲ್ಲೂಕುಗಳ ಶಾಸಕರು ಇದನ್ನು ಕೇಳಲಿ.